ಹಿಂಗಾರಿ ಹೊಲ, ಹೆಬ್ಬಾತಿನ ಕೆರೆ

ಅಂಕಸಮುದ್ರದ ಕೆರೆ ಏರಿಯನ್ನು ಸೂರ್ಯ ಹುಟ್ಟುವ ಮೊದಲೇ ಹತ್ತಿದರೆ ಹಕ್ಕಿಗಳು ಕಾಣುವುದಕ್ಕಿಂತ ಮುಂಚೆ ಕೇಳಿಸುತ್ತವೆ. ನೀರಿನ ನಡುವೆ ನಿಂತ ಜಾಲಿ ಮರಗಳ ಗುಂಪಿನಿಂದ ಸಾವಿರಾರು ಗಂಟಲುಗಳ ಗದ್ದಲ ಏಳುತ್ತಿರುತ್ತದೆ. ಗೊಗ್ಗರು ದನಿಯ ಗೊಣಗಾಟ, ಮರಿಗಳ ಚೀರಾಟ, ನಡುನಡುವೆ ಕೊಕ್ಕು ಬಡಿಯುವ ಟಕಟಕ. ಗಾಳಿ ಇತ್ತ ತಿರುಗಿದರೆ ಹಿಕ್ಕೆಯ ಘಾಟು. ಬೆಳಕು ಹರಿದಂತೆ ಮರಗಳ ಮೇಲಿನ ಬಿಳುಪು ಅಲುಗಾಡತೊಡಗುತ್ತದೆ. ಕೊಂಬೆಗಳ ಮೇಲೆ ಎಲೆಗಿಂತ ಹಕ್ಕಿಯೇ ಹೆಚ್ಚು.

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರಿದು. ಹೊಸಪೇಟೆಯಿಂದ ನಸುಕಿನಲ್ಲಿ ಕಾರು ಹತ್ತಿ, ಮರಿಯಮ್ಮನಹಳ್ಳಿ ದಾಟಿ ಬಂದಿದ್ದೆವು. ಕಾರು ಓಡಿಸುತ್ತಿದ್ದವನು ಹೊಸಪೇಟೆಯ ಗೆಳೆಯ. ಜೊತೆಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿ, ರೋಣದ ಕಡೆಯ ಒಕ್ಕಲು ಮನೆತನದಲ್ಲಿ ಹುಟ್ಟಿ ಬೆಳೆದ ಇನ್ನೊಬ್ಬ ಗೆಳೆಯ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ತುಂಗಭದ್ರೆ ದಾಟಿ ಮುಂಡರಗಿಯ ಎರೆಹೊಲಗಳಲ್ಲಿ, ಸಂಜೆ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಎಂಬುದು ನಮ್ಮ ಲೆಕ್ಕ. ಕಾರ್ತಿಕ ಮಾಸ ಕೊನೆಗೆ ಬಂದಿತ್ತು. ಮುಂಗಾರಿನ ಮೆಕ್ಕೆಜೋಳದ ತೆನೆ ಮುರಿದಾಗಿತ್ತು, ಶೇಂಗಾ ಕಿತ್ತಾಗಿತ್ತು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಮಣ್ಣಿನಿಂದ ತಲೆ ಎತ್ತಿದ್ದವು. ಈ ಸೀಮೆಯಲ್ಲಿ ಹಕ್ಕಿ ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಳೆಗಾಲದಲ್ಲಿ ಗೂಡು ಕಟ್ಟಿದ ಊರ ಹಕ್ಕಿಗಳ ಮರಿಗಳು ಇನ್ನೂ ಮರ ಬಿಟ್ಟಿರುವುದಿಲ್ಲ. ಅಷ್ಟರಲ್ಲಿ ಮಧ್ಯ ಏಷ್ಯಾದ ಹಕ್ಕಿಗಳು ಬಂದು ಇಳಿಯಲು ಶುರುವಾಗಿರುತ್ತದೆ. ಇಬ್ಬರನ್ನೂ ಒಂದೇ ದಿನ, ಒಂದೇ ಹಾದಿಯಲ್ಲಿ ಕಾಣಬಹುದು.

ಬೆಳಕು ಬಂದ ಮೇಲೆ ಮೊದಲು ಗುರುತಿಗೆ ಸಿಕ್ಕಿದ್ದು ಬಿಳಿ ಕೆಂಬರಲುಗಳು. ಬೋಳು ಕಪ್ಪು ತಲೆ, ಕುಡುಗೋಲಿನ ಹಾಗೆ ಬಾಗಿದ ಕೊಕ್ಕು. ಅವುಗಳ ಪಕ್ಕದ ಮರದಲ್ಲಿ ಬಾಯ್ಕಳಕ ಕೊಕ್ಕರೆಗಳು. ಇವುಗಳ ಮೇಲ್ಕೊಕ್ಕು ಕೆಳಕೊಕ್ಕುಗಳ ನಡುವೆ ಸಂದು ಇರುತ್ತದೆ, ಬಾಯಿ ಮುಚ್ಚಿದರೂ ಅದು ಮುಚ್ಚುವುದಿಲ್ಲ. ಗೂಡಿನಲ್ಲಿದ್ದ ಮರಿಗಳಿಗೆ ಆ ಸಂದು ಇರಲಿಲ್ಲ. ಹುಟ್ಟುವಾಗ ಅವಕ್ಕೆ ಸಾದಾ ಕೊಕ್ಕು, ಬೆಳೆಯುತ್ತ ಸಂದು ಮೂಡುತ್ತದೆ ಎಂದು ಗೆಳತಿ ದುರ್ಬೀನು ನನ್ನ ಕೈಗಿತ್ತು ತೋರಿಸಿದಳು. ಗದ್ದೆ, ಕಾಲುವೆಗಳ ಬಸವನಹುಳುಗಳೇ ಅವುಗಳ ಮುಖ್ಯ ಊಟ. ಚಿಪ್ಪಿನ ಬಾಯೊಳಗೆ ಕೊಕ್ಕಿನ ತುದಿ ತೂರಿಸಿ ಒಳಗಿನ ಮೆತ್ತನೆಯ ಮೈಯನ್ನು ಬಿಡಿಸಿ ತೆಗೆಯುತ್ತವೆ. ನೀರಿಗೆ ಹತ್ತಿರದ ತಗ್ಗು ಕೊಂಬೆಗಳಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ರಾತ್ರಿ ಬಕಗಳು ಆಗಷ್ಟೇ ಪಾಳಿ ಮುಗಿಸಿ ಮರಳಿ, ದಟ್ಟ ಎಲೆಗಳ ಒಳಗೆ ಹೊಕ್ಕು ಕುಳಿತವು. ಚಮಚ ಕೊಕ್ಕಿನ ಒಂದು ಸಾಲು ಕೆರೆಯ ಆಚೆ ದಡದ ತೆಳುನೀರಿನಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಸಾಗಿತ್ತು.

ನನ್ನನ್ನು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟದ್ದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಮುಖ, ಬೆನ್ನ ತುದಿಯಲ್ಲಿ ಗುಲಾಬಿ ಕುಂಚ ಎಳೆದಂಥ ಗರಿಗಳು. ಬೆಳೆದ ಕೊಕ್ಕರೆಗೆ ಗಂಟಲಿನ ದನಿ ಇಲ್ಲವೆಂದೇ ಹೇಳಬೇಕು. ಜೋಡಿ ಹಕ್ಕಿ ಗೂಡಿಗೆ ಬಂದಾಗ ಕೊಕ್ಕನ್ನು ಟಕಟಕ ಬಡಿದು ಬರಮಾಡಿಕೊಳ್ಳುತ್ತದೆ. ನೀರಿನಲ್ಲಿ ಅದು ಮೀನನ್ನು ಕಣ್ಣಿಟ್ಟು ಹುಡುಕುವುದಕ್ಕಿಂತ ತಡಕಿ ಹಿಡಿಯುವುದೇ ಹೆಚ್ಚು. ಕೊಕ್ಕನ್ನು ಅರೆ ತೆರೆದು ಕೆಸರುನೀರಿನಲ್ಲಿ ಅದ್ದಿಟ್ಟು, ಒಂದು ಕಾಲಿನಿಂದ ನೀರು ಕಲಕುತ್ತದೆ. ಮೀನು ತಾಗಿದ್ದೇ ತಡ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಅದಕ್ಕೆ ಮೊಣಕಾಲುದ್ದದ ತೆಳುನೀರು ಬೇಕು. ಕೆರೆ ತೀರಾ ತುಂಬಿದರೂ ಕಷ್ಟ, ತೀರಾ ಬತ್ತಿದರೂ ಕಷ್ಟ.

ಅಂಕಸಮುದ್ರ ಪ್ರಕೃತಿ ತಾನಾಗಿ ಮಾಡಿಟ್ಟ ಸರೋವರವಲ್ಲ. ಹಲವು ಶತಮಾನಗಳ ಹಿಂದೆ ಊರವರು ನೀರಾವರಿಗೆಂದು ಕಟ್ಟಿಕೊಂಡ 244 ಎಕರೆಯ ಕೆರೆ. ಈಗ ತುಂಗಭದ್ರಾ ಹಿನ್ನೀರಿನಿಂದ ಏತ ನೀರಾವರಿಯ ನೀರೂ ಇದಕ್ಕೆ ಬರುತ್ತದೆ. ಅಂಗಳದಲ್ಲಿ ಬೆಳೆದ ಜಾಲಿ ಮರಗಳು ನೀರಿನ ನಡುವೆ ಸಿಕ್ಕಿಕೊಂಡಿದ್ದರಿಂದ ಹಕ್ಕಿಗಳಿಗೆ ಬೆಕ್ಕು, ನಾಯಿ, ಮನುಷ್ಯ ಮುಟ್ಟಲಾಗದ ಗೂಡುಕಟ್ಟೆ ಸಿಕ್ಕಿತು. ಇಲ್ಲಿ ದಾಖಲಾದ ಹಕ್ಕಿಗಳ ಬಗೆ 240. ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30 ಸಾವಿರಕ್ಕೂ ಹೆಚ್ಚು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ್ದು 2024ರ ಜನವರಿ 31ರಂದು ಪ್ರಕಟವಾಯಿತು. ಮಾಗಡಿ ಕೆರೆಯೂ ಅಘನಾಶಿನಿಯ ಅಳಿವೆಯೂ ಸೇರಿದ್ದು ಪ್ರಕಟವಾದದ್ದು ಅದೇ ದಿನ. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಸಂರಕ್ಷಣಾ ಮೀಸಲು ಎನ್ನುವುದು ಅಭಯಾರಣ್ಯದಂಥದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ ವ್ಯವಸ್ಥೆ ಇದು. ಸರ್ಕಾರ ತನ್ನ ಜಾಗವನ್ನು ಸ್ಥಳೀಯರೊಂದಿಗೆ ಮಾತಾಡಿ ಘೋಷಿಸಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು. ಅಂದರೆ ಕೆರೆಯ ನೀರು ಹೊಲಕ್ಕೆ ಹರಿಯುವುದು ನಿಲ್ಲುವುದಿಲ್ಲ, ದನ ನೀರು ಕುಡಿಯುವುದು ತಪ್ಪುವುದಿಲ್ಲ. ಏರಿಯ ಮೇಲೆ ನಾವು ನಿಂತಿದ್ದಾಗ ಎಮ್ಮೆಗಳನ್ನು ಹೊಡೆದುಕೊಂಡು ಬಂದ ಅಜ್ಜ ಅವುಗಳನ್ನು ತೆಳುನೀರಿಗೆ ಬಿಟ್ಟ. ಬೆಳ್ಳಕ್ಕಿಗಳು ಎದ್ದು ಹೋಗಲಿಲ್ಲ, ಎಮ್ಮೆಗಳ ಕಾಲ ಬುಡಕ್ಕೇ ಬಂದವು. ಇಂಥ ಕೆರೆಯನ್ನು ತಂತಿಬೇಲಿ ಹಾಕಿ ಕಾಯುತ್ತೇವೆ ಎಂದರೆ ಅದು ಕೆರೆಯಾಗಿಯೂ ಉಳಿಯದು, ಹಕ್ಕಿಯ ನೆಲೆಯಾಗಿಯೂ ಉಳಿಯದು ಎಂದೇ ನಾನು ನಂಬಿದ್ದೇನೆ.

ಚಿಂತೆಯ ವಿಷಯವೂ ಇಲ್ಲಿದೆ. ಜಾಲಿ ಎಷ್ಟೇ ಗಟ್ಟಿ ಮರವಾದರೂ ವರ್ಷಾನುಗಟ್ಟಲೆ ಬೇರು ಮುಳುಗಿಯೇ ಇದ್ದರೆ ಒಣಗುತ್ತದೆ. ಒಣಕೊಂಬೆ ಗೂಡಿನ ಭಾರ ತಾಳುವುದಿಲ್ಲ. ನೀರು ಇಳಿದ ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಮಣ್ಣಿನ ದಿಬ್ಬ ಮಾಡಿ ಹೊಸ ಸಸಿ ನೆಟ್ಟು ಕಾಪಾಡಿದರೆ ಮಾತ್ರ ಮುಂದಿನ ತಲೆಮಾರಿನ ಕೊಕ್ಕರೆಗಳಿಗೆ ಮನೆ. ಕೆರೆಗೆ ನೀರು ತುಂಬಿಸುವವರೂ ಮರ ನೆಡುವವರೂ ಒಟ್ಟಿಗೆ ಕೂತು ತೀರ್ಮಾನಿಸಬೇಕಾದ ಕೆಲಸ ಇದು.

ಹಗರಿಬೊಮ್ಮನಹಳ್ಳಿಯಲ್ಲಿ ಒಗ್ಗರಣಿ, ಮಿರ್ಚಿ, ಚಹಾ. ಬಿಸಿಲು ಏರುವ ಮುನ್ನ ಹಿನ್ನೀರಿನ ಅಂಚು ನೋಡಬೇಕೆಂದು ಹೆಚ್ಚು ಹೊತ್ತು ಕೂರಲಿಲ್ಲ.

ತುಂಗಭದ್ರಾ ಜಲಾಶಯದ ಹಿನ್ನೀರು ಈ ತಾಲ್ಲೂಕಿನ ಹೊಲಗಳ ಬದುವಿನವರೆಗೂ ಚಾಚಿಕೊಂಡಿದೆ. ಅಣೆಕಟ್ಟು ಕಟ್ಟುವಾಗ ಹಲವು ಊರು ಮುಳುಗಿದವು. ನಾರಾಯಣದೇವರಕೆರೆಯ ಜನ ಎದ್ದು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ್ದನ್ನು ಈ ಭಾಗದ ಹಿರಿಯರು ಈಗಲೂ ನೆನೆಯುತ್ತಾರೆ. ಕಾರ್ತಿಕದಲ್ಲಿ ನೀರು ತುಂಬಿಕೊಂಡಿರುವುದರಿಂದ ಹಕ್ಕಿಗಳು ದೂರ ದೂರ ಚದುರಿರುತ್ತವೆ. ನೀರು ಹಿಂದೆ ಸರಿದು ಕೆಸರು ಬಯಲಾಗುವ ಮಾಘ, ಫಾಲ್ಗುಣಗಳಲ್ಲಿ ರಾಜಹಂಸಗಳನ್ನು ನಿರೀಕ್ಷಿಸಬಹುದು. ನಮಗೆ ಸಿಕ್ಕಿದ್ದು ನದಿ ರೀವಗಳು: ಹಳದಿ ಕೊಕ್ಕು, ಕಪ್ಪು ಟೋಪಿ, ಕವಲುಬಾಲ. ನೀರಿನ ಮೇಲೆ ತೇಲಾಡುತ್ತ ಬಂದು, ಗಾಳಿಯಲ್ಲಿ ಒಂದು ಗಳಿಗೆ ನಿಂತು, ನೇರ ಕೆಳಕ್ಕೆ ಬಿದ್ದು ಮೀನು ಎತ್ತಿಕೊಂಡು ಹೋಗುತ್ತಿದ್ದವು. ಜಗತ್ತಿನಲ್ಲಿ ಅಪಾಯಕ್ಕೆ ಸಿಲುಕಿರುವ ಹಕ್ಕಿಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ನದಿಯ ನಡುಗಡ್ಡೆ, ಮರಳದಿಣ್ಣೆಗಳ ಬರಿನೆಲದ ಮೇಲೆ ಮೊಟ್ಟೆ ಇಡುತ್ತದೆ. ಮರಳು ಎತ್ತಿದರೆ, ನಾಯಿ ನುಗ್ಗಿದರೆ, ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಟ್ಟರೆ ಆ ವರ್ಷದ ಸಂತಾನವೇ ಹೋಯಿತು.

ಹೂವಿನಹಡಗಲಿಯ ಮಲ್ಲಿಗೆಯ ಹೊತ್ತು ಮುಗಿದಿತ್ತು. ಊರನ್ನು ಬೇಗ ದಾಟಿ ತುಂಗಭದ್ರೆಯ ಸೇತುವೆ ಹತ್ತಿದೆವು. ಆಚೆ ದಡ ಗದಗ ಜಿಲ್ಲೆ.

ಮುಂಡರಗಿ ಸಮೀಪಿಸುತ್ತಿದ್ದಂತೆ ರೋಣದ ಗೆಳೆಯ ಕಾರು ನಿಲ್ಲಿಸು ಎಂದ. ಅವನು ತೋರಿಸಿದ್ದು ಹಕ್ಕಿಯನ್ನಲ್ಲ, ಹೊಲವನ್ನು. ಬಿತ್ತಿಗೆಯಾಗಿ ಗೇಣುದ್ದ ಎದ್ದ ಬಿಳಿಜೋಳ, ಅದರ ಪಕ್ಕ ಇನ್ನೂ ಚಿಕ್ಕ ಕಡಲೆ, ಬದುವಿನುದ್ದಕ್ಕೂ ಕುಸುಬೆ. ಹಿಂಗಾರಿ ಬೆಳೆ ಬಹುಮಟ್ಟಿಗೆ ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ನಡೆಯುತ್ತದೆ, ಮೇಲಿನ ಮಳೆಯ ಮೇಲಲ್ಲ ಎಂದು ವಿವರಿಸಿದ. ಆ ತೇವದಲ್ಲೇ ಮಿಡತೆಗಳೂ ಹುಟ್ಟುತ್ತವೆ. ಮಿಡತೆಯ ಹಿಂದೆ ಸೆಳೆವಗಳು ಬರುತ್ತವೆ.

ಅವನ ಮಾತು ಮುಗಿಯುವಷ್ಟರಲ್ಲಿ ಒಂದು ಬಂದೇ ಬಂತು. ಗಿಡುಗ ಜಾತಿಯ ಈ ಹಕ್ಕಿ ಹದ್ದಿನಂತೆ ಎತ್ತರದಲ್ಲಿ ಸುತ್ತುವುದಿಲ್ಲ. ಪೈರಿನ ತುದಿಗೆ ಮೊಳದಷ್ಟು ಮೇಲೆ, ರೆಕ್ಕೆಯನ್ನು ಮೇಲಕ್ಕೆ ತೆರೆದಿಟ್ಟು, ಹೊಲದ ಈ ಬದುವಿನಿಂದ ಆ ಬದುವಿಗೆ ಉತ್ತಂತೆ ಹಾರುತ್ತದೆ. ಕಂದು ಮೈ, ಬಾಲದ ಬುಡದಲ್ಲಿ ಬಿಳಿಪಟ್ಟಿ, ಹೆಣ್ಣಿರಬೇಕು. ತಟ್ಟನೆ ತಿರುಗಿ ಪೈರಿನೊಳಗೆ ಬಿದ್ದು, ಮತ್ತೆ ಎದ್ದು ಹೋಯಿತು. ಕಜಕಿಸ್ತಾನ, ರಷ್ಯಾಗಳ ಹುಲ್ಲುಬಯಲಿನಲ್ಲಿ ಮರಿ ಮಾಡುವ ಸೆಳೆವಗಳು ಚಳಿಗಾಲ ಕಳೆಯಲು ದಖನ್ನಿನ ಈ ಬಯಲಿಗೆ ಬರುತ್ತವೆ. ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಾಗಿ ತಂಗುತ್ತವೆ. ಆ ಹುಲ್ಲುಬಯಲನ್ನು ನಮ್ಮ ಕಂದಾಯದ ಲೆಕ್ಕ ಬೀಳು ಎಂದು ಬರೆದುಕೊಂಡಿದೆ. ಬೀಳು ಎಂದು ಬರೆದ ಮೇಲೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು, ನೆಡಬಹುದು, ಅಗೆಯಬಹುದು ಎಂಬ ನಂಬಿಕೆ ತಾನಾಗಿ ಬರುತ್ತದೆ. ಕಾಡಿಗೆ ಕೊಡಲಿ ಬಿದ್ದರೆ ಸುದ್ದಿಯಾಗುತ್ತದೆ. ಹುಲ್ಲುಗಾವಲು ಹೋದದ್ದು ಕುರಿ ಕಾಯುವವನಿಗೂ ಸೆಳೆವಕ್ಕೂ ಮಾತ್ರ ಗೊತ್ತಾಗುತ್ತದೆ. ಈ ಮಾತನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಕರೆಂಟಿನ ತಂತಿಯ ಮೇಲೆ ನೀಲಕಂಠ ಕೂತಿತ್ತು, ನಮ್ಮ ನಾಡಹಕ್ಕಿ. ವಿಜಯದಶಮಿಯ ದಿನ ಇದನ್ನು ಕಂಡರೆ ಶುಭವೆಂದು ನಂಬಿದವರು ಬಹಳ. ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ನೀಲಿಯೋ ನೀಲಿ. ಜೋಳದ ಹೊಲದ ಮೇಲೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡೊಂದು ಎದ್ದು, ಹೊರಳಿ, ಮತ್ತೆ ಇಳಿಯಿತು. ಈಗ ಅವು ಹುಳು ತಿನ್ನುತ್ತಿವೆ, ಒಕ್ಕಲಿಗನಿಗೆ ಉಪಕಾರಿ. ಇನ್ನು ಕೆಲವು ವಾರಕ್ಕೆ ತೆನೆಯಲ್ಲಿ ಹಾಲು ತುಂಬಿದಾಗ ಅವೇ ಕಾಳಿಗೂ ಬಾಯಿ ಹಾಕುತ್ತವೆ, ಆಗ ಕವಣೆ ಬೀಸಬೇಕಾಗುತ್ತದೆ. ಎಳೆಯನಿದ್ದಾಗ ಅಟ್ಟಣೆ ಹತ್ತಿ ತಾನೂ ಕವಣೆ ಬೀಸಿದ್ದನ್ನು ಗೆಳೆಯ ಹೇಳಿದ. “ಅಪ್ಪ ಅಂತಿದ್ದ, ಹಕ್ಕಿಗೆ ಬಡೀಬ್ಯಾಡ, ಎಬಸು ಅಷ್ಟ. ಅದರ ಪಾಲೂ ಐತಿ ಇದರಾಗ ಅಂತ.”

ಮುಂಡರಗಿಯ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಂಡು ಕಪ್ಪತಗುಡ್ಡದ ಮಗ್ಗುಲಿಗೆ ಕಾರು ತಿರುಗಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅದರ ಹಿಂದೆ ಗಣಿಗಾರಿಕೆಯ ವಿರುದ್ಧ ಗದಗಿನ ಜನ ನಡೆಸಿದ ದೊಡ್ಡ ಹೋರಾಟವಿದೆ, ಅದರ ಮುಂದಾಳಾಗಿ ನಿಂತ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ದುಡಿಮೆಯಿದೆ. ಗುಡ್ಡದ ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತಿದ್ದವು. ಡಂಬಳದ ದೊಡ್ಡಬಸಪ್ಪನ ಗುಡಿಗೂ ಅಲ್ಲಿಯ ಕೆರೆಗೂ ಇನ್ನೊಂದು ದಿನವೇ ಬೇಕು. ಸಂಜೆಯ ಹೊತ್ತಿಗೆ ಮಾಗಡಿ ಸೇರದಿದ್ದರೆ ಬಂದ ಕೆಲಸ ಕೆಡುತ್ತಿತ್ತು.

ಮಾಗಡಿ ಎಂದ ಕೂಡಲೇ ಬೆಂಗಳೂರಿನವರಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಗದಗಿನಿಂದ ಸುಮಾರು 26 ಕಿಲೋಮೀಟರ್. ಕೆರೆ ಸುಮಾರು 50 ಹೆಕ್ಟೇರ್, ಅಂಕಸಮುದ್ರದ ಅರ್ಧದಷ್ಟು. ಇಲ್ಲಿ ನೀರಿನ ನಡುವೆ ಗೂಡುಮರಗಳ ಕಾಡಿಲ್ಲ. ತೆರೆದ ನೀರು, ಹುಲ್ಲಿನ ದಡ, ಸುತ್ತ ಹೊಲ. ಇಳಿಬಿಸಿಲಿನಲ್ಲಿ ಮೊದಲ ನೋಟಕ್ಕೆ ಆಚೆ ದಡದಲ್ಲಿ ಬೂದು ಬಣ್ಣದ ಉದ್ದನೆಯ ಪಟ್ಟಿಯೊಂದು ಕಂಡಿತು, ಮಣ್ಣಿನ ದಿಬ್ಬವೆಂದುಕೊಳ್ಳಬೇಕು ಹಾಗೆ. ಗೆಳತಿ ಮುಕ್ಕಾಲಿಯ ಮೇಲೆ ದೂರದರ್ಶಕ ನಿಲ್ಲಿಸಿ ಕಣ್ಣಿಟ್ಟವಳೇ ಕೈಬೀಸಿ ಎಲ್ಲರನ್ನೂ ಕರೆದಳು. ಆ ಪಟ್ಟಿಯ ಉದ್ದಕ್ಕೂ ಪಟ್ಟೆತಲೆ ಹೆಬ್ಬಾತುಗಳು.

ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಬೂದು ಮೈ, ಹಳದಿ ಕೊಕ್ಕು, ಕಿತ್ತಳೆ ಕಾಲು. ತೂಕ ಎರಡರಿಂದ ಮೂರು ಕಿಲೋ. ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್, ನಮ್ಮ ಲಡಾಖ್ ಇವುಗಳ ಎತ್ತರದ ಸರೋವರಗಳ ದಂಡೆಯಲ್ಲಿ ಹುಟ್ಟುವ ಹಕ್ಕಿ ಇದು. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಹೆಬ್ಬಾತು 7,000 ಮೀಟರಿಗೂ ಮೇಲೇರಿದ್ದು ದಾಖಲಾಗಿದೆ. ಅಲ್ಲಿಯ ಗಾಳಿಯಲ್ಲಿ ಆಮ್ಲಜನಕ ಕಡಲತಡಿಯ ಅರ್ಧಕ್ಕಿಂತ ಕಡಿಮೆ. ಆದರೆ ಈ ಹಕ್ಕಿಯ ರಕ್ತದ ಹಿಮೊಗ್ಲೋಬಿನ್ ಇತರ ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ, ಶ್ವಾಸಕೋಶ ದೊಡ್ಡದು, ರೆಕ್ಕೆಯ ಸ್ನಾಯುಗಳಲ್ಲಿ ನವಿರು ರಕ್ತನಾಳಗಳ ಬಲೆ ದಟ್ಟ. ಯಾವಾಗಲೂ ಒಂದೇ ಎತ್ತರದಲ್ಲಿ ಹಾರುವುದೂ ಇಲ್ಲ. ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು, ನೆಲದ ಮೈಯನ್ನೇ ಅನುಸರಿಸುತ್ತದೆ. ಗಾಳಿ ತಣ್ಣಗೆ, ಸಾಂದ್ರವಾಗಿರುವ ರಾತ್ರಿ ಮತ್ತು ನಸುಕಿನ ಹೊತ್ತನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಮಂಗೋಲಿಯಾದಲ್ಲಿ ಸಂಖ್ಯೆ ಬರೆದ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಾವೂ ಕೊರಳು ಕೊರಳು ನೋಡಿದೆವು. ಆ ದಿನ ಪಟ್ಟಿ ತೊಟ್ಟದ್ದು ಯಾವುದೂ ಕಣ್ಣಿಗೆ ಬೀಳಲಿಲ್ಲ.

ಚಳಿಗಾಲದಲ್ಲಿ ಮಾಗಡಿಗೆ ಸರಾಸರಿ 8 ಸಾವಿರ ಹೆಬ್ಬಾತುಗಳು ಬರುತ್ತವೆಂಬುದು ರಾಮ್ಸರ್ ದಾಖಲೆಯ ಲೆಕ್ಕ. ದಕ್ಷಿಣ ಭಾರತದಲ್ಲಿ ಇವು ತಂಗುವ ಅತಿ ದೊಡ್ಡ ನೆಲೆಗಳಲ್ಲಿ ಇದೊಂದು. ಕಾರ್ತಿಕದಲ್ಲಿ ಎಲ್ಲವೂ ಬಂದಿರುವುದಿಲ್ಲ. ಪುಷ್ಯದ ಹೊತ್ತಿಗೆ ಕೆರೆ ತುಂಬುತ್ತದೆ. ಅವುಗಳ ನಡುವೆ ನೀರಲ್ಲಿ ಸೂಜಿಬಾಲದ ಬಾತುಗಳು, ಚಲುಕದ ಬಾತುಗಳು, ಚುಕ್ಕೆ ಬಾತುಗಳು, ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿ, ಗೊರವಗಳು. ಗೆಳತಿ ಎಲ್ಲವನ್ನೂ ಬರೆದುಕೊಂಡು ಹಕ್ಕಿಪಟ್ಟಿಗಳ ಜಾಲತಾಣ ಇ-ಬರ್ಡಿಗೆ ಏರಿಸಿದಳು. ಇಂಥ ಚಿಕ್ಕ ಚಿಕ್ಕ ಪಟ್ಟಿಗಳು ಕೂಡಿಯೇ ಹಕ್ಕಿಗಳ ಏರಿಳಿತ ದೇಶಕ್ಕೆ ತಿಳಿಯುವುದು. ನೋಡಿದ್ದನ್ನು ಬರೆದಿಡುವುದು ಪಕ್ಷಿವೀಕ್ಷಕರೆಲ್ಲರ ಹೊಣೆ.

ಏರಿಯ ಮೇಲೆ ಬೈಕ್ ನಿಲ್ಲಿಸಿದ ನಡುವಯಸ್ಸಿನ ರೈತರೊಬ್ಬರು ನಮ್ಮ ಸಲಕರಣೆ ನೋಡಿ ಹತ್ತಿರ ಬಂದರು. ಇನ್ನೂ ಮುಂದೆ ದಡಕ್ಕೆ ಇಳಿಯಬ್ಯಾಡ್ರಿ, ಒಂದ್ ಎದ್ದರ ಎಲ್ಲಾ ಏಳ್ತಾವ ಎಂದು ಮೊದಲಿಗೇ ಹೇಳಿದರು. ನಾವು ಅಲ್ಲೇ ನಿಂತೆವು. ಹೆಬ್ಬಾತು ಕೆರೆಯಲ್ಲಿ ಏನು ತಿನ್ನುತ್ತದೆ ಎಂದು ಕಾರಿನ ಗೆಳೆಯ ಕೇಳಿದ.

“ಕೆರ್‍ಯಾಗ ಏನ್ ತಿಂತಾವ್ರಿ, ಇಲ್ಲಿ ಹಗಲೆಲ್ಲಾ ನಿದ್ದಿ. ಹೊತ್ತು ಮುಣಿಗಿದ ಮ್ಯಾಲ ಹೊಲಕ್ಕ ಹೊಕ್ಕಾವ. ಶೇಂಗಾ ಕಿತ್ತ ಹೊಲದಾಗ ಉಳಿದ ಕಾಯಿ ಆರಿಸ್ತಾವ, ಕಡ್ಲಿ ಕುಡಿನೂ ಚಿವುಟ್ತಾವ.”

“ಲುಕ್ಸಾನ ಆಗೂದಿಲ್ಲೇನ್ರಿ ಕಾಕಾ?” ರೋಣದ ಗೆಳೆಯ ಕೇಳಿದ.

“ಆಗ್ತೈತಿ, ಯಾಕ ಆಗೂದಿಲ್ಲ? ಕೆರಿ ಮಗ್ಗಲದ ಹೊಲದವರಿಗೆ ಜಾಸ್ತಿ. ಆದ್ರ ಕಡ್ಲಿ ಕುಡಿ ನಾವೂ ಚಿವುಟಿ ಪಲ್ಯ ಮಾಡ್ತೀವಲ್ಲ, ಚಿವುಟಿದ್ರ ಹಿಳ್ಳು ಒಡೀತೈತಿ. ಬುಡಾನ ಕಿತ್ರ ಮಾತ್ರ ಸಂಕಟ ಆಕ್ಕೈತಿ. ಅವು ಬರಲಿಲ್ಲ ಅಂದ್ರ ಕೆರ್‍ಯಾಗ ನೀರಿಲ್ಲ ಅಂತ ಅರ್ಥ. ಅದು ಇನ್ನೂ ದೊಡ್ಡ ಲುಕ್ಸಾನ.”

ಇಡೀ ದಿನ ಕಂಡದ್ದೆಲ್ಲ ಈ ಮಾತಿನಲ್ಲಿ ಕೂಡಿ ಬಂದಂತೆ ನನಗನ್ನಿಸಿತು. ಅಂಕಸಮುದ್ರವೂ ಮಾಗಡಿಯೂ ರೈತರು ಬೆಳೆಗಾಗಿ ಕಟ್ಟಿದ ಕೆರೆಗಳು. ಸೆಳೆವ ಅರಸಿ ಬಂದದ್ದು ರೈತನ ಹೊಲ. ಹಕ್ಕಿಗೆ ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಕೆರೆಗೆ ಫಲಕ ಬಂತು. ಆದರೆ ಹೆಬ್ಬಾತಿನ ರಾತ್ರಿಯೂಟ ನಡೆಯುವ ಹೊಲ ಮೀಸಲಿನ ಗೆರೆಯ ಹೊರಗಿದೆ. ಆ ಊಟದ ಖರ್ಚು ಕೆರೆ ಪಕ್ಕದ ಕೆಲವೇ ಮನೆಗಳ ಮೇಲೆ ಬೀಳುತ್ತದೆ. ಹೆಬ್ಬಾತನ್ನು ಉಳಿಸುವ ಯೋಜನೆಯಲ್ಲಿ ಅವರ ಬೆಳೆಹಾನಿಯ ಪರಿಹಾರ ಮೊದಲ ಸಾಲಿನಲ್ಲೇ ಇರಬೇಕು. ಅದೂ ಅಲೆದಾಡಿಸದೆ, ಅದೇ ಹಂಗಾಮಿನಲ್ಲಿ ಕೈಸೇರುವಂತೆ.

ಸೂರ್ಯ ಮುಳುಗಿದ ಮೇಲೆ ಆಚೆ ದಡದಲ್ಲಿ ಕೂಗು ಶುರುವಾಯಿತು. ಮೂಗಿನಿಂದ ಹೊರಟಂಥ ಆಂಗ್ ಆಂಗ್ ದನಿ, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಎಲ್ಲ ಕಡೆಯಿಂದ. ಕೊರಳುಗಳು ನೆಟ್ಟಗಾದವು. ಹತ್ತಾರು ಹಕ್ಕಿಗಳ ಒಂದು ಗುಂಪು ಓಡಿ ಎದ್ದು, ನೀರಿನ ಮೇಲೆ ಅರ್ಧ ಸುತ್ತು ಹಾಕಿ ಸಾಲುಗಟ್ಟಿ ನಮ್ಮ ತಲೆಯ ಮೇಲಿನಿಂದಲೇ ಲಕ್ಷ್ಮೇಶ್ವರದ ದಿಕ್ಕಿಗೆ ಹೋಯಿತು. ರೆಕ್ಕೆಯ ಸದ್ದು ಸ್ಪಷ್ಟವಾಗಿ ಕೇಳಿಸುವಷ್ಟು ತಗ್ಗಿನಲ್ಲಿ. ಹಿಂದೆಯೇ ಇನ್ನೊಂದು ಗುಂಪು, ಮತ್ತೊಂದು. ನಾಲ್ವರೂ ಮಾತು ಬಿಟ್ಟು ಆಕಾಶ ನೋಡಿದೆವು. ಗೆಳತಿಯ ಕಣ್ಣಲ್ಲಿ ನೀರಿತ್ತು. ಈ ಹಕ್ಕಿಯ ಶ್ವಾಸಕೋಶದ ಬಗ್ಗೆ ಎಷ್ಟೋ ವರ್ಷದಿಂದ ಪಾಠ ಮಾಡುತ್ತ ಬಂದವಳಿಗೆ ಅದು ತಲೆಯ ಮೇಲೆ ಹಾರಿದ್ದನ್ನು ಕಾಣುವ ಯೋಗ ಅಂದು ಬಂದಿತ್ತು.

ಹೋಗುವವರಿಗೆ ಕೆಲವು ಮಾತು. ಮಾಗಡಿಗೆ ಸಂಜೆ ನಾಲ್ಕಕ್ಕೆ ಮುಂಚೆ ಬಂದು ಹೊತ್ತು ಮುಳುಗುವವರೆಗೆ ಇರಿ, ಇಲ್ಲವೇ ನಸುಕಿನಲ್ಲಿ ಬನ್ನಿ, ಹೊಲದಿಂದ ಮರಳುವ ಸಾಲುಗಳು ಸಿಗುತ್ತವೆ. ಏರಿಯಿಂದ ಕೆಳಗೆ ಇಳಿಯಬೇಡಿ. ಡ್ರೋನ್ ತರಲೇಬೇಡಿ; ಮೇಲಿನಿಂದ ಬರುವ ಸದ್ದು ಹದ್ದಿನ ಭಯ ಹುಟ್ಟಿಸುತ್ತದೆ, ಹಿಮಾಲಯ ದಾಟಿ ದಣಿದ ಹಕ್ಕಿಗೆ ಹಗಲಿನ ವಿಶ್ರಾಂತಿ ತಪ್ಪುತ್ತದೆ. ಅಂಕಸಮುದ್ರದಲ್ಲಿ ಬಿಸಿಲೇರಿದ ಮೇಲೆ ಗೂಡುಮರಗಳ ಹತ್ತಿರ ಸುಳಿಯಬಾರದು, ತಾಯಿ ಎದ್ದು ಹೋದರೆ ಮರಿ ಬಿಸಿಲಿಗೆ ಬಾಡುತ್ತದೆ. ಎರಡೂ ಕಡೆ ಊರಿನ ಅಂಗಡಿಯಲ್ಲೇ ಚಹಾ ಕುಡಿಯಿರಿ, ಅಲ್ಲಿಯವರನ್ನೇ ದಾರಿ ಕೇಳಿ.

ಬೈಕ್ ಹತ್ತುವ ಮೊದಲು ಆ ರೈತರು ಇನ್ನೊಂದು ಮಾತು ಹೇಳಿದ್ದರು. ಕೆರೆಗೆ ನೀರು ತರುವ ಹಳ್ಳಗಳಲ್ಲಿ ಹೂಳು, ಮುಳ್ಳುಕಂಟಿ ತುಂಬಿಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆಸಿದರೆ ಮಳೆ ಕಡಿಮೆಯಾದ ವರ್ಷವೂ ಕೆರೆಗೆ ಅಷ್ಟಿಷ್ಟು ನೀರು ಸೇರುತ್ತದೆ. “ಫೋಟೋ ತಗಿಯಾಕ ಬರೂ ಸಾಹೇಬ್ರಿಗೆಲ್ಲಾ ಇದನ್ನ ಹೇಳ್ತೀನ್ರಿ. ನೀವೂ ಬರೀರಿ.”